ಕೇಳಿದ್ದು ಮತ್ತು ಕೊಟ್ಟದ್ದು: ಶಿಫಾರಸು ಯಂತ್ರಗಳ ಸುಧಾರಣೆಯನ್ನು ಕುರಿತು ಒಂದು ಸಮೀಕ್ಷೆ

ಓದುಗನಿಗೂ ಓದಿಗೂ ನಡುವೆ, ಕೇಳುಗನಿಗೂ ಹಾಡಿಗೂ ನಡುವೆ, ಯಾರಾದರೊಬ್ಬರು ನಿಂತು ‘ಇದು ನಿನಗೆ ತಕ್ಕದ್ದು’ ಎಂದು ಎತ್ತಿಕೊಡುವ ಕೆಲಸವು ಮನುಷ್ಯಸಮಾಜದಲ್ಲಿ ಬಹು ಪ್ರಾಚೀನವಾದುದು. ಆ ಕೆಲಸವನ್ನು ಮನುಷ್ಯರ ಕೈಯಿಂದ ತೆಗೆದು ಗಣಕಯಂತ್ರಗಳಿಗೆ ಒಪ್ಪಿಸಿದ್ದು ಮಾತ್ರ ಕಳೆದ ಮೂರು ದಶಕಗಳ ಈಚಿನ ಸಂಗತಿ. ದೇವರ ಹಿಪ್ಪರಗಿಯ ಒಬ್ಬ ರೈತನು ಸಂಜೆ ಹೊಲದಿಂದ ಬಂದು ಮೊಬೈಲನ್ನು ತೆರೆದೊಡನೆ ಅವನ ಮುಂದೆ ಸಾಲುಗಟ್ಟುವ ಪ್ರವಚನ, ಡೊಳ್ಳಿನ ಪದ, ಟ್ರ್ಯಾಕ್ಟರ್ ಪಂದ್ಯ, ಸಿನಿಮಾ ತುಣುಕು, ರಾಜಕೀಯದ ಜಗಳ, ಬಿತ್ತನೆ ಬೀಜದ ಜಾಹೀರಾತು, ಇವುಗಳಲ್ಲಿ ಯಾವುದನ್ನೂ ಅವನು ಬೇಡಿರುವುದಿಲ್ಲ; ಅವನು ಹಿಂದೆ ಏನನ್ನು ಮುಟ್ಟಿದ್ದ, ಎಷ್ಟು ಹೊತ್ತು ನೋಡಿದ್ದ, ಅವನಂತೆಯೇ ಮುಟ್ಟಿದ ಇತರರು ಮುಂದೆ ಏನನ್ನು ನೋಡಿದರು ಎಂಬ ಲೆಕ್ಕದ ಮೇಲೆ ಎಲ್ಲವೂ ಅವನೆದುರಿಗೆ ಬಂದು ನಿಲ್ಲುತ್ತವೆ. ಇಂತಹ ಶಿಫಾರಸು ವ್ಯವಸ್ಥೆಗಳನ್ನು ಸುಧಾರಿಸುವುದು ಹೇಗೆಂಬ ಪ್ರಶ್ನೆಯನ್ನು ಕುರಿತು ಲೋಕದಲ್ಲಿ ವಿಪುಲವಾದ ಸಂಶೋಧನೆ ನಡೆದಿದೆ, ನಡೆಯುತ್ತಲೂ ಇದೆ. ಆ ಸಂಶೋಧನೆಯ ಸಾರವನ್ನು ವಿಜಾಪುರ ಜಿಲ್ಲೆಯ ಈ ನೆಲದಿಂದ ನೋಡಿದರೆ ನನಗೆ ತೋರುವುದಿಷ್ಟು: ಊಹಿಸುವ ವಿದ್ಯೆಯಲ್ಲಿ ಈ ಯಂತ್ರಗಳು ಅಸಾಧಾರಣವಾದ ಪ್ರಗತಿಯನ್ನು ಸಾಧಿಸಿವೆ, ಕೇಳಿ ತಿಳಿಯುವ ವಿದ್ಯೆಯಲ್ಲಿ ಬಹಳ ಹಿಂದೆ ಉಳಿದಿವೆ.

ಈ ಸೀಮೆಗೆ ಆಯ್ದುಕೊಡುವ ಕಲೆಯು ಅಪರಿಚಿತವಲ್ಲ. ಧಾರವಾಡದಲ್ಲಿ ಹುಟ್ಟಿ, 1904ರಲ್ಲಿ ವಕೀಲವೃತ್ತಿಗಾಗಿ ವಿಜಾಪುರಕ್ಕೆ ಬಂದು ನೆಲೆಸಿದ ಫ. ಗು. ಹಳಕಟ್ಟಿಯವರು ಮಠಗಳಲ್ಲಿಯೂ ಮನೆಗಳಲ್ಲಿಯೂ ಪೂಜೆಗೊಳ್ಳುತ್ತಿದ್ದ ತಾಳೆಯೋಲೆಯ ಕಟ್ಟುಗಳನ್ನು ಬೇಡಿ ತಂದು, ಬಿಚ್ಚಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದಾಗ, ಸಾವಿರಾರು ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ, ಯಾವ ಜಿಜ್ಞಾಸುವಿಗೆ ಯಾವುದು ಬೇಕೋ ಅದು ಅವನ ಕೈಗೆ ಎಟಕುವಂತೆ ಮಾಡಿದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನೂ ಸ್ಥಾಪಿಸಿ, ಆ ಆಯ್ಕೆಯನ್ನು ಕಾಲಕಾಲಕ್ಕೆ ಮುಂದುವರಿಸಿದರು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದ ಗೆಳೆಯರು ಬೀಸುಕಲ್ಲಿನ ಮುಂದೆ ಹುಟ್ಟಿ ಅಲ್ಲಿಯೇ ಅಡಗಿಹೋಗುತ್ತಿದ್ದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಯಾರೂ ಕೇಳದಿದ್ದರೆ ಲುಪ್ತವಾಗುತ್ತಿದ್ದುದನ್ನು ಕೇಳತಕ್ಕವರ ಬಳಿಗೆ ಒಯ್ಯುವುದು ಅವರ ಶಿಫಾರಸಿನ ಪರಮಾರ್ಥವಾಗಿದ್ದಿತು. ಜನಪ್ರಿಯತೆಯನ್ನು ಮಾತ್ರ ಅಳೆದಿದ್ದರೆ ಇವರಲ್ಲಿ ಯಾರೂ ಆ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ.

ಅದೇ 1931ರಲ್ಲಿ ಮದರಾಸಿನಲ್ಲಿ ಶಿಯಾಳಿ ರಾಮಾಮೃತ ರಂಗನಾಥನ್ ಅವರು ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ದೇಹವಿಟ್ಟ ಈ ಮಹನೀಯರ ಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವು ದೊರೆಯಬೇಕೆನ್ನುತ್ತದೆ; ಮೂರನೆಯದು ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನು ದೊರೆಯಬೇಕೆನ್ನುತ್ತದೆ; ನಾಲ್ಕನೆಯದು ಓದುಗನ ಕಾಲವನ್ನು ಉಳಿಸಬೇಕೆನ್ನುತ್ತದೆ. ಇಂದಿನ ಶಿಫಾರಸು ವಿಜ್ಞಾನದ ವಾದವಿವಾದಗಳೆಲ್ಲವೂ ಈ ಮೂರು ಸೂತ್ರಗಳ ವಿಸ್ತಾರದಲ್ಲಿ ಅಡಕವಾಗುತ್ತವೆ ಎಂದರೆ ಅತಿಶಯೋಕ್ತಿಯಾಗಲಾರದು. ಗ್ರಂಥಪಾಲಕನು ಓದುಗನೊಡನೆ ಮಾತನಾಡಿ, ಅವನು ಮೊದಲು ಅಸ್ಪಷ್ಟವಾಗಿ ಕೇಳಿದ್ದನ್ನು ಪ್ರಶ್ನೋತ್ತರಗಳಿಂದ ಸ್ಪಷ್ಟಪಡಿಸಿಕೊಂಡು, ಅನಂತರವೇ ಕಪಾಟಿನ ಕಡೆಗೆ ನಡೆಯಬೇಕೆಂಬುದು ರಂಗನಾಥನ್ ಅವರು ಎತ್ತಿಹಿಡಿದ ಪರಾಮರ್ಶನ ಸೇವೆಯ ತಿರುಳು.

ಯಂತ್ರಗಳು ಹಿಡಿದ ದಾರಿ ಬೇರೆಯಾಯಿತು. 1992ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾಲಯದವರು ತಮ್ಮಲ್ಲಿಗೆ ಬರುವ ಅಪಾರ ಮಿಂಚಂಚೆಗಳಲ್ಲಿ ಓದತಕ್ಕವನ್ನು ಆರಿಸಿಕೊಳ್ಳಲು ‘ಟ್ಯಾಪೆಸ್ಟ್ರಿ’ ಎಂಬ ಏರ್ಪಾಟನ್ನು ರಚಿಸಿ, ಒಬ್ಬರ ಅಭಿಪ್ರಾಯವು ಮತ್ತೊಬ್ಬರಿಗೆ ನೆರವಾಗುವ ಈ ವಿಧಾನಕ್ಕೆ ಸಹಕಾರಿ ಶೋಧನೆಯೆಂದು ಅರ್ಥವಾಗುವ ಹೆಸರನ್ನು ಕೊಟ್ಟರು. 1994ರಲ್ಲಿ ಪಾಲ್ ರೆಸ್ನಿಕ್, ಜಾನ್ ರೀಡಲ್ ಮೊದಲಾದವರ ‘ಗ್ರೂಪ್‌ಲೆನ್ಸ್’ ಈ ತತ್ತ್ವವನ್ನು ಸ್ವಯಂಚಾಲಿತಗೊಳಿಸಿತು: ಓದುಗರು ಲೇಖನಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಡುವರು, ಹಿಂದೆ ಯಾರ ಅಂಕಗಳು ತಮ್ಮ ಅಂಕಗಳೊಡನೆ ಹೊಂದಿಕೊಂಡಿದ್ದವೋ ಅವರ ಮೆಚ್ಚುಗೆಗೆ ಮುಂದೆಯೂ ಹೆಚ್ಚು ಬೆಲೆ ಸಲ್ಲುವುದು. ಗ್ರಾಹಕರು ಕೋಟ್ಯನುಕೋಟಿಯಾದಾಗ ಪ್ರತಿಯೊಬ್ಬನನ್ನೂ ಪ್ರತಿಯೊಬ್ಬನೊಡನೆ ಹೋಲಿಸುವುದು ದುಸ್ಸಾಧ್ಯವೆಂದು ಕಂಡ ಅಮೆಜಾನ್ ಸಂಸ್ಥೆಯವರು ಮನುಷ್ಯರನ್ನು ಬಿಟ್ಟು ಪದಾರ್ಥಗಳನ್ನೇ ಪರಸ್ಪರ ಹೋಲಿಸಿ, ಇದನ್ನು ಕೊಂಡವರು ಅದನ್ನೂ ಕೊಂಡಿದ್ದಾರೆಂಬ ಕೋಷ್ಟಕವನ್ನು ಮುಂಚಿತವಾಗಿಯೇ ಸಿದ್ಧಪಡಿಸಿಡುವ ಉಪಾಯವನ್ನು ಕಂಡುಹಿಡಿದು, 2003ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಗಮನಾರ್ಹವೆಂದರೆ, ಗ್ರೂಪ್‌ಲೆನ್ಸ್‌ನ ಕಾಲದಲ್ಲಿ ಓದುಗನು ತನ್ನ ಮತವನ್ನು ಇನ್ನೂ ಬಾಯಿಬಿಟ್ಟು ಹೇಳುತ್ತಿದ್ದನು.

ಈ ವಿದ್ಯೆಯ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದ ಅಧ್ಯಾಯ ನೆಟ್‌ಫ್ಲಿಕ್ಸ್ ಬಹುಮಾನದ್ದು, ಮತ್ತು ಅದರ ಪಾಠಗಳು ಇಂದಿಗೂ ಮುಗಿದಿಲ್ಲವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಆಗ ಚಲನಚಿತ್ರಗಳ ಡಿವಿಡಿಗಳನ್ನು ಅಂಚೆಯ ಮೂಲಕ ಬಾಡಿಗೆಗೆ ಕಳುಹಿಸುತ್ತಿದ್ದ ಈ ಸಂಸ್ಥೆಯು 2006ರ ಅಕ್ಟೋಬರಿನಲ್ಲಿ ತನ್ನ 4,80,189 ಗ್ರಾಹಕರು 17,770 ಚಿತ್ರಗಳಿಗೆ ಕೊಟ್ಟಿದ್ದ ಹತ್ತು ಕೋಟಿಗೂ ಮೀರಿದ ಅಂಕಗಳನ್ನು ಹೆಸರುಗಳನ್ನು ಅಳಿಸಿ ಬಹಿರಂಗಪಡಿಸಿ, ತನ್ನ ಯಂತ್ರಕ್ಕಿಂತ ಶೇಕಡ 10ರಷ್ಟು ಕಡಿಮೆ ತಪ್ಪಿನಿಂದ ಅಂಕಗಳನ್ನು ಊಹಿಸಬಲ್ಲವರಿಗೆ ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು ಘೋಷಿಸಿತು. ಗ್ರಾಹಕರನ್ನು ಅಡ್ಡಸಾಲುಗಳಲ್ಲಿಯೂ ಚಿತ್ರಗಳನ್ನು ಉದ್ದಸಾಲುಗಳಲ್ಲಿಯೂ ಬರೆದು ಒಂದು ಬೃಹತ್ಕೋಷ್ಟಕವನ್ನು ಕಲ್ಪಿಸಿಕೊಂಡರೆ, ಇಷ್ಟೊಂದು ಅಂಕಗಳಿದ್ದರೂ ನೂರು ಮನೆಗಳಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ತುಂಬಿರುತ್ತದೆ. ಉಳಿದ ತೊಂಬತ್ತೊಂಬತ್ತೂ ಖಾಲಿ. ಆ ಖಾಲಿ ಮನೆಗಳನ್ನು ತುಂಬಲು ಸ್ಪರ್ಧಿಗಳು ಹಿಡಿದ ಪ್ರಬಲ ಸಾಧನವು ಕೋಷ್ಟಕದ ಅಪವರ್ತನ: ಪ್ರತಿಯೊಬ್ಬ ಗ್ರಾಹಕನನ್ನೂ ಪ್ರತಿಯೊಂದು ಚಿತ್ರವನ್ನೂ ಕೆಲವು ಅವ್ಯಕ್ತ ಗುಣಗಳ ಪ್ರಮಾಣವಾಗಿ ಬರೆದು, ಎರಡನ್ನೂ ಗುಣಿಸಿದಾಗ ತಿಳಿದ ಅಂಕಗಳಿಗೆ ಸಮೀಪವಾದ ಬೆಲೆ ಬರುವಂತೆ ಆ ಪ್ರಮಾಣಗಳನ್ನು ಮತ್ತೆ ಮತ್ತೆ ತಿದ್ದುವುದು. ಈ ಗುಣಗಳಿಗೆ ಯಾರೂ ಹೆಸರಿಡುವುದಿಲ್ಲ. ಹಾಸ್ಯ, ಕರುಣ, ಭಕ್ತಿ ಎಂಬ ವಿಭಾಗಗಳನ್ನು ಯಂತ್ರಕ್ಕೆ ಯಾರೂ ಕಲಿಸಿರುವುದಿಲ್ಲ. ಆದರೂ ಜನರ ಅಭಿರುಚಿಗಳ ಒಳಹೊಂದಾಣಿಕೆಯಿಂದಲೇ ಅವುಗಳನ್ನು ಹೋಲುವ ಏನೋ ಒಂದು ತಾನಾಗಿ ಮೂಡಿಬರುತ್ತದೆ. ಇದನ್ನು ಕಂಡು ಬೆರಗಾಗದವನು ಈ ವಿದ್ಯೆಯ ಸೌಂದರ್ಯವನ್ನು ಅರಿಯನೆಂದೇ ನನ್ನ ಭಾವನೆ.

ಮೂರು ವರ್ಷಗಳ ತರುವಾಯ, 2009ರ ಸೆಪ್ಟೆಂಬರಿನಲ್ಲಿ, ನೂರಾರು ಗಣನಕ್ರಮಗಳನ್ನು ಒಂದಾಗಿ ಬೆರೆಸಿದ ಒಂದು ತಂಡಕ್ಕೆ ಬಹುಮಾನವು ಸಂದಿತು. ಆದರೆ ಆ ಅಂತಿಮ ಮಿಶ್ರಣವನ್ನು ಸಂಸ್ಥೆಯು ಬಳಕೆಗೆ ತರಲೇ ಇಲ್ಲ. ಸ್ಪರ್ಧೆಯ ನಡುಘಟ್ಟದಲ್ಲಿ ದೊರೆತ ಎರಡು ಕ್ರಮಗಳನ್ನು ಮಾತ್ರ ಅದು ಸ್ವೀಕರಿಸಿತ್ತು. ಉಳಿದುದರಿಂದ ದೊರೆಯುವ ಅಲ್ಪ ಲಾಭಕ್ಕೆ ತಗಲುವ ಶ್ರಮವು ಹೆಚ್ಚೆಂದು ಅದು ಎಣಿಸಿತು. ಅಷ್ಟರಲ್ಲಿ ವ್ಯಾಪಾರವೂ ಅಂಚೆಯಿಂದ ಅಂತರ್ಜಾಲದ ನೇರ ಪ್ರದರ್ಶನಕ್ಕೆ ಹೊರಳಿ, ಅಂಕಗಳಿಗಿಂತ ನೋಡುಗನ ನಡವಳಿಕೆಯೇ ಮುಖ್ಯ ಆಧಾರವಾಗಿತ್ತು. ಇನ್ನೊಂದು ಪಾಠವು ಇದಕ್ಕಿಂತ ಕಠೋರವಾದುದು. ಹೆಸರುಗಳನ್ನು ಅಳಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲವೆಂದು ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೊವ್ ಎಂಬ ವಿದ್ವಾಂಸರು 2008ರಲ್ಲಿ ತೋರಿಸಿದರು: ಒಬ್ಬನು ಅಂಕ ಕೊಟ್ಟ ಎಂಟು ಚಿತ್ರಗಳೂ ಅಂಕ ಕೊಟ್ಟ ದಿನಗಳೂ ಸ್ಥೂಲವಾಗಿ ಗೊತ್ತಿದ್ದರೆ, ಅವುಗಳಲ್ಲಿ ಎರಡು ತಪ್ಪಾಗಿದ್ದರೂ, ಶೇಕಡ 99ರಷ್ಟು ದಾಖಲೆಗಳನ್ನು ಏಕೈಕವಾಗಿ ಗುರುತಿಸಬಹುದು. ಯೋಜಿಸಿದ್ದ ಎರಡನೆಯ ಸ್ಪರ್ಧೆಯನ್ನು 2010ರಲ್ಲಿ ಕೈಬಿಡಬೇಕಾಯಿತು.

ಅಂಕಗಳು ಹಿಂದೆ ಸರಿದು ನಡವಳಿಕೆಯು ಮುಂದೆ ಬಂದುದೇ ಈ ಕಥೆಯ ನಿರ್ಣಾಯಕ ತಿರುವು. ಅಂಕ ಕೊಡುವವರು ವಿರಳ, ಬೆರಳಾಡಿಸುವವರು ಸಕಲರೂ. ಆದುದರಿಂದ ಯಾರು ಏನನ್ನು ಒತ್ತಿದರು, ಎಷ್ಟು ಸೆಕೆಂಡು ನಿಂತರು, ಎಲ್ಲಿ ಜಾರಿದರು ಎಂಬ ಮೌನಸಂಕೇತಗಳಿಂದಲೇ ಇಚ್ಛೆಯನ್ನು ಊಹಿಸುವುದು ಸಾರ್ವತ್ರಿಕವಾಯಿತು. 2012ರಲ್ಲಿ ಯೂಟ್ಯೂಬ್ ಸಂಸ್ಥೆಯು ಒತ್ತುಗಳ ಎಣಿಕೆಯನ್ನು ಬಿಟ್ಟು ವೀಕ್ಷಣೆಯ ಅವಧಿಯನ್ನು ತನ್ನ ಶಿಫಾರಸುಗಳ ಮಾನದಂಡವಾಗಿ ಸ್ವೀಕರಿಸಿತು. ಮೋಸದ ತಲೆಬರಹಗಳಿಗೆ ಒತ್ತು ಬೀಳುವುದನ್ನು ತಡೆಯುವ ಸದುದ್ದೇಶವು ಅದರ ಹಿಂದಿದ್ದಿತು. 2016ರಲ್ಲಿ ಅದರ ಎಂಜಿನಿಯರುಗಳು ಪ್ರಕಟಿಸಿದ ಪ್ರಬಂಧದ ಮೇರೆಗೆ, ನರಜಾಲವೆಂಬ ಒಂದು ಗಣನಕ್ರಮವು ಅಗಣಿತ ದೃಶ್ಯಗಳಿಂದ ಕೆಲವು ನೂರನ್ನು ಆರಿಸುತ್ತದೆ, ಮತ್ತೊಂದು ಅವುಗಳನ್ನು ನಿರೀಕ್ಷಿತ ವೀಕ್ಷಣಾವಧಿಯ ಕ್ರಮದಲ್ಲಿ ಜೋಡಿಸುತ್ತದೆ. ರಂಗನಾಥನ್ ಅವರ ನಾಲ್ಕನೆಯ ಸೂತ್ರವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಓದುಗನ ಕಾಲವನ್ನು ಉಳಿಸಿದ ಗ್ರಂಥಪಾಲಕನು ಯೋಗ್ಯನೆಂದು ಅವರು ಹೇಳಿದರು. ನೋಡುಗನ ಕಾಲವನ್ನು ಹೆಚ್ಚು ಹೆಚ್ಚಾಗಿ ಪಡೆದ ಯಂತ್ರವು ಯೋಗ್ಯವೆಂದು ಇಲ್ಲಿ ಎಣಿಕೆ. ತೊಗರಿಯ ನೆಟೆರೋಗಕ್ಕೆ ಮದ್ದು ಹುಡುಕಿದ ರೈತನಿಗೆ ಎರಡು ನಿಮಿಷದಲ್ಲಿ ಸರಿಯಾದ ಉತ್ತರವನ್ನು ಕೊಟ್ಟು ಕಳುಹಿಸಿದ ದೃಶ್ಯವು ಈ ಲೆಕ್ಕದಲ್ಲಿ ಸೋಲುತ್ತದೆ. ಅರ್ಧ ಗಂಟೆ ಅಲೆಸಿ ಬರಿಗೈಯಲ್ಲಿ ಕಳುಹಿಸಿದ್ದು ಗೆಲ್ಲುತ್ತದೆ. ಕಾಲಾನಂತರ ಸಂಸ್ಥೆಗಳು ನೋಡುಗರ ತೃಪ್ತಿಯನ್ನು ಪ್ರಶ್ನಾವಳಿಗಳಿಂದ ತಿಳಿದುಕೊಂಡು ಲೆಕ್ಕಕ್ಕೆ ಸೇರಿಸಿರುವುದುಂಟು, ಇದು ಸ್ವಾಗತಾರ್ಹವೇ ಸರಿ. ಆದರೆ ಆ ಪ್ರಶ್ನೆಗಳಿಗೆ ಉತ್ತರಿಸುವವರು ಅಲ್ಪಸಂಖ್ಯಾತರಾದುದರಿಂದ, ಉಳಿದವರ ತೃಪ್ತಿಯನ್ನೂ ಪುನಃ ಊಹೆಯಿಂದಲೇ ತುಂಬಬೇಕಾಗುತ್ತದೆ.

ಇನ್ನು ನಮ್ಮ ನೆಲದ ಸಂಗತಿಗೆ ಬರೋಣ. ಹಿಂದೆ ಸಿಂದಗಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ದೇವರ ಹಿಪ್ಪರಗಿಯು ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಯ್ಯನ ಜನ್ಮಸ್ಥಳ. ‘ಕಲಿದೇವರದೇವ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಈ ಶರಣನನ್ನು ಜನರು ಮಾಚಯ್ಯನೆಂದೂ ಮಾಚಿದೇವನೆಂದೂ ಮಾಚಿತಂದೆಯೆಂದೂ ಕರೆಯುತ್ತಾರೆ. ಅವನನ್ನು ಕುರಿತ ಪ್ರವಚನ, ನಾಟಕ, ಗಾಯನಗಳಿಗೆ ಶೀರ್ಷಿಕೆ ಕೊಡುವವರು ಒಮ್ಮೆ ಕನ್ನಡ ಲಿಪಿಯಲ್ಲಿಯೂ ಒಮ್ಮೆ ರೋಮನ್ ಲಿಪಿಯಲ್ಲಿ ನಾನಾ ವಿಧವಾದ ಕಾಗುಣಿತದಿಂದಲೂ ಬರೆಯುತ್ತಾರೆ. ಪದಗಳ ಹೊಂದಾಣಿಕೆಯನ್ನು ನೆಚ್ಚಿದ ಯಂತ್ರಕ್ಕೆ ಈ ಹೆಸರುಗಳೆಲ್ಲ ಬೇರೆ ಬೇರೆ ವ್ಯಕ್ತಿಗಳವು. ಒಂದೇ ವಸ್ತುವಿನ ಮೇಲೆ ಕೂಡಬೇಕಾದ ಕೇಳುಗರ ಮೆಚ್ಚುಗೆಯು ಹತ್ತು ಕಡೆ ಹಂಚಿಹೋಗಿ, ಯಾವ ಒಂದೂ ಶಿಫಾರಸಿನ ಮಟ್ಟಕ್ಕೆ ಏರದೆ, ಸಂಬಂಧವಿಲ್ಲದ ಜನಪ್ರಿಯ ದೃಶ್ಯಗಳು ಆ ಜಾಗಕ್ಕೆ ಬರುತ್ತವೆ. ಕೃಷಿಯ ವಿಷಯದಲ್ಲಿಯೂ ಇದೇ ಅವಸ್ಥೆ: ಡೋಣಿಯ ಎರೆಭೂಮಿಯ ತೊಗರಿ ಬೆಳೆಗಾರನು ಒಂದು ಹೆಸರಿನಿಂದ ಕರೆಯುವ ರೋಗಕ್ಕೆ ಹಳೆಯ ಮೈಸೂರಿನ ಕಡೆಯ ಉಪನ್ಯಾಸಕರು ಮತ್ತೊಂದು ಹೆಸರನ್ನು ಬಳಸಿರುತ್ತಾರೆ; ಇಂಡಿಯ ನಿಂಬೆ ತೋಟದವನಿಗೆ ಬೇಕಾದ ಮಾಹಿತಿಯು ಮರಾಠಿಯಲ್ಲಿ ಹೇರಳವಾಗಿದ್ದರೂ ಕನ್ನಡದಲ್ಲಿ ಇರುವ ಅಲ್ಪಸ್ವಲ್ಪವು ಶೀರ್ಷಿಕೆಯ ದೋಷದಿಂದ ಮರೆಯಾಗಿರುತ್ತದೆ.

ಶಾಸ್ತ್ರಜ್ಞರು ‘ಶೀತಾರಂಭ’ವೆಂದು ಕರೆಯುವ ತೊಡಕು ಇದಕ್ಕೆ ಕೂಡಿಕೊಳ್ಳುತ್ತದೆ. ಹೊಸದಾಗಿ ಬಂದ ವಸ್ತುವನ್ನು ಯಾರೂ ಮುಟ್ಟಿರದ ಕಾರಣ ಯಂತ್ರವು ಅದನ್ನು ತೋರಿಸದು. ತೋರಿಸದ ಕಾರಣ ಯಾರೂ ಮುಟ್ಟರು. ಇಂಗ್ಲಿಷಿನಂತಹ ಭಾಷೆಯಲ್ಲಿ ಪ್ರೇಕ್ಷಕಸಮುದ್ರವು ವಿಶಾಲವಾದುದರಿಂದ ಈ ವಿಷವೃತ್ತವು ಬೇಗನೆ ಮುರಿಯುತ್ತದೆ. ಮುದ್ದೇಬಿಹಾಳದ ಕಡೆಯ ಮೊಹರಂ ಪದಗಳ ಒಂದು ಧ್ವನಿಮುದ್ರಣಕ್ಕೆ, ಅಥವಾ ಚೌಡಕಿ ಪದಗಳ ಹಳೆಯ ಮೇಳಕ್ಕೆ, ಅದು ಎಂದಿಗೂ ಮುರಿಯದೆ ಹೋಗಬಹುದು. ಮೇಲಾಗಿ, ಒಂದು ಮೊಬೈಲು ಒಬ್ಬ ಮನುಷ್ಯನೆಂಬುದು ಈ ವ್ಯವಸ್ಥೆಗಳ ಅಡಿಪಾಯದಲ್ಲಿರುವ ಗ್ರಹಿಕೆ. ನಮ್ಮ ಮನೆಗಳಲ್ಲಿ ಅದೇ ಮೊಬೈಲು ಬೆಳಿಗ್ಗೆ ಮುತ್ಯಾನ ಕೈಯಲ್ಲಿ ಸಿದ್ಧೇಶ್ವರ ಸ್ವಾಮಿಗಳ ಪ್ರವಚನವನ್ನು ನುಡಿದು, ಮಧ್ಯಾಹ್ನ ಹೊಲದಲ್ಲಿ ಮಾರುಕಟ್ಟೆಯ ಧಾರಣೆಯನ್ನು ತೋರಿಸಿ, ಸಂಜೆ ಶಾಲೆಯಿಂದ ಬಂದ ಮಗುವಿನ ಕೈಗೆ ಹೋಗುತ್ತದೆ. ಮೂವರ ಇಚ್ಛೆಗಳನ್ನು ಕಲಸಿ ಯಂತ್ರವು ಕಲ್ಪಿಸಿಕೊಂಡ ಆ ನಾಲ್ಕನೆಯ ವ್ಯಕ್ತಿಯು ಮನೆಯಲ್ಲಿ ಎಲ್ಲಿಯೂ ಇರುವುದಿಲ್ಲ. ದುಡಿಮೆಗಾಗಿ ಪುಣೆಗೋ ಗೋವೆಗೋ ಹೋದ ಈ ಸೀಮೆಯ ಕುಟುಂಬಗಳ ಸ್ಥಿತಿ ಇನ್ನಷ್ಟು ವಿಷಮ. ಸ್ಥಳದ ಗುರುತನ್ನು ನೆಚ್ಚಿದ ಯಂತ್ರವು ಅವರ ಮುಂದೆ ಪರಭಾಷೆಯ ರಾಶಿಯನ್ನು ಸುರಿಯುತ್ತದೆ, ಅವರು ಅದನ್ನು ವಿಧಿಯಿಲ್ಲದೆ ನೋಡುತ್ತಾರೆ, ನೋಡಿದುದೇ ಅವರ ಇಚ್ಛೆಯೆಂದು ದಾಖಲಾಗುತ್ತದೆ.

ಜನಪ್ರಿಯತೆಯು ಗುಣದ ಪ್ರಮಾಣವೆಂದು ನಂಬುವವರು 2006ರಲ್ಲಿ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಸಮಾಜವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವನ್ನು ಪರಿಶೀಲಿಸಬೇಕು. 14,341 ಕೇಳುಗರ ಮುಂದೆ 48 ಅಪರಿಚಿತ ಹಾಡುಗಳನ್ನು ಇಟ್ಟು, ಕೆಲವರಿಗೆ ಇತರರ ಆಯ್ಕೆಯನ್ನು ತಿಳಿಸದೆಯೂ ಉಳಿದವರನ್ನು ಪರಸ್ಪರ ಸಂಬಂಧವಿಲ್ಲದ ಎಂಟು ಗುಂಪುಗಳಲ್ಲಿ ವಿಭಜಿಸಿ ಅವರವರ ಗುಂಪಿನ ಆಯ್ಕೆಯನ್ನು ತಿಳಿಸಿಯೂ ನೋಡಿದಾಗ, ಇತರರ ಆಯ್ಕೆಯನ್ನು ಕಂಡವರಲ್ಲಿ ಹಾಡುಗಳ ಯಶಸ್ಸಿನ ತಾರತಮ್ಯವು ಹೆಚ್ಚಿತು. ಯಾವ ಹಾಡು ಗೆಲ್ಲುವುದೆಂಬುದು ಗುಂಪಿನಿಂದ ಗುಂಪಿಗೆ ಬದಲಾಯಿತು. ಅತ್ಯುತ್ತಮವಾದವು ತೀರ ಸೋಲುತ್ತಿರಲಿಲ್ಲ, ಅತಿ ಕನಿಷ್ಠವಾದವು ತೀರ ಗೆಲ್ಲುತ್ತಿರಲಿಲ್ಲ. ನಡುವಿನವುಗಳ ಭವಿಷ್ಯವೆಲ್ಲ ಮೊದಲು ಬಂದವರ ಆಯ್ಕೆಯನ್ನು ಅವಲಂಬಿಸಿದ್ದಿತು.

ಪರಿಹಾರಗಳೆಂದು ಮುಂದೊಡ್ಡಿರುವ ಉಪಾಯಗಳು ಹಲವು. ಪಟ್ಟಿಯಲ್ಲಿ ಒಂದೇ ಬಗೆಯ ವಸ್ತುಗಳು ತುಂಬದಂತೆ ವೈವಿಧ್ಯವನ್ನು ಬೆರೆಸುವುದು ಒಂದು. 2005ರಲ್ಲಿ ತ್ಸೀಗ್ಲರ್ ಮತ್ತು ಸಂಗಡಿಗರು ಪುಸ್ತಕಗಳ ಶಿಫಾರಸಿನಲ್ಲಿ ಇದನ್ನು ಪರೀಕ್ಷಿಸಿ, ಊಹೆಯ ನಿಖರತೆಯು ತಗ್ಗಿದರೂ ಓದುಗರ ತೃಪ್ತಿಯು ಹೆಚ್ಚಬಹುದೆಂದು ಸ್ಥಾಪಿಸಿದರು. ನಿಖರತೆ ಮತ್ತು ತೃಪ್ತಿ ಒಂದೇ ಅಲ್ಲವೆಂಬ ಈ ತಥ್ಯವು ಇಪ್ಪತ್ತು ವರ್ಷಗಳ ಹಿಂದೆಯೇ ತಿಳಿದಿದ್ದರೂ ಅದನ್ನು ಆಚರಣೆಗೆ ತಂದವರು ಕಡಿಮೆ. ಶೀತಾರಂಭಕ್ಕೆ ಮದ್ದಾಗಿ, ಪಟ್ಟಿಯ ಒಂದಂಶವನ್ನು ಬುದ್ಧಿಪೂರ್ವಕವಾಗಿ ಅಪರಿಚಿತ ವಸ್ತುಗಳಿಗೆ ಮೀಸಲಿಟ್ಟು, ಅವುಗಳಿಗೆ ಒಮ್ಮೆಯಾದರೂ ಕೇಳುಗನ ಮುಂದೆ ಬರುವ ಅವಕಾಶವನ್ನು ಕೊಡುವ ಶೋಧಪ್ರಧಾನ ಕ್ರಮಗಳಿವೆ. ಯಾಹೂ ಸಂಸ್ಥೆಯವರು 2010ರಲ್ಲಿ ಸುದ್ದಿಗಳ ಆಯ್ಕೆಯಲ್ಲಿ ಇಂತಹ ಒಂದು ಕ್ರಮದ ಉಪಯುಕ್ತತೆಯನ್ನು ತೋರಿಸಿದರು. ಗ್ರಾಹಕನ ಅಭಿರುಚಿಯಲ್ಲಿ ಮೂರರಲ್ಲೊಂದು ಪಾಲು ಭಕ್ತಿಗೀತೆಗಳಿಗಿದ್ದರೆ ಪಟ್ಟಿಯಲ್ಲಿಯೂ ಅದೇ ಪಾಲು ಉಳಿಯಬೇಕೆಂಬ ಸಮತೋಲನದ ಕ್ರಮವನ್ನು 2018ರಲ್ಲಿ ಹರಾಲ್ಡ್ ಸ್ಟೆಕ್ ಅವರು ಪ್ರತಿಪಾದಿಸಿದರು. ಮುತ್ಯಾ, ಮಗ, ಮೊಮ್ಮಗ ಒಂದೇ ಮೊಬೈಲನ್ನು ಬಳಸುವ ಮನೆಗಳಿಗೆ ಇದು ವಿಶೇಷವಾಗಿ ಒಪ್ಪುತ್ತದೆ, ಏಕೆಂದರೆ ಅತಿ ಹೆಚ್ಚು ಹೊತ್ತು ನೋಡಿದವನ ಅಭಿರುಚಿಯು ಉಳಿದಿಬ್ಬರ ಅಭಿರುಚಿಯನ್ನು ನುಂಗಿಹಾಕದಂತೆ ಅದು ತಡೆಯಬಲ್ಲದು.

ಇವೆಲ್ಲಕ್ಕಿಂತ ನಮಗೆ ಹತ್ತಿರವಾದುದು, ವಸ್ತುವಿನ ಒಳಗನ್ನೇ ಓದಿ ತಿಳಿಯುವ ಯಂತ್ರಗಳ ಹಾದಿ. ಗೂಗಲ್ ಸಂಸ್ಥೆಯು 2020ರಲ್ಲಿ ಹೊರತಂದ ‘ಮುರಿಲ್’, ಮದರಾಸಿನ ಐಐಟಿಯ ಎಐ4ಭಾರತ್ ತಂಡದ ‘ಇಂಡಿಕ್‌ಬರ್ಟ್’ ಮುಂತಾದ ಭಾಷಾಮಾದರಿಗಳು ಕನ್ನಡವನ್ನೂ ಕಲಿತಿವೆ. ಇಂತಹವುಗಳನ್ನು ಸರಿಯಾಗಿ ಅಳವಡಿಸಿದರೆ, ಯಾರೊಬ್ಬರೂ ಮುಟ್ಟಿರದ ಧ್ವನಿಮುದ್ರಣವನ್ನೂ, ಅದರ ಮಾತನ್ನು ಬರಹಕ್ಕೆ ಇಳಿಸಿಕೊಂಡು, ಅರ್ಥದಿಂದಲೇ ತಕ್ಕ ಕೇಳುಗನಿಗೆ ಒಯ್ಯುವುದು ಸಾಧ್ಯ. ಆದರೆ ಅವು ಕಲಿತ ಕನ್ನಡವು ಬಹುಮಟ್ಟಿಗೆ ಬರಹದ ಕನ್ನಡ. ಬಸವನ ಬಾಗೇವಾಡಿಯ ಸಂತೆಯಲ್ಲಿ ಆಡುವ ಮಾತು ಅವುಗಳ ಕಿವಿಗೆ ವಿರಳವಾಗಿ ಬಿದ್ದಿದೆ. ಇಲ್ಲಿ ಹಳಕಟ್ಟಿಯವರ ಪರಂಪರೆಯು ನೆರವಿಗೆ ಬರುತ್ತದೆ. ಸಿಂದಗಿ ಸೀಮೆಯವರಾದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳಾಗಿ ಬಂದ ಸಮಗ್ರ ವಚನ ಸಂಪುಟವೂ, ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕಲು ಅನುವು ಮಾಡಿಕೊಟ್ಟ ‘ವಚನ ಸಂಚಯ’ವೂ ಸಾಕ್ಷಿಯಾಗಿರುವಂತೆ, ವಸ್ತುವಿನ ವಿವರವನ್ನು ಶ್ರದ್ಧೆಯಿಂದ ಬರೆದಿಟ್ಟಲ್ಲಿ ಯಂತ್ರಕ್ಕೆ ಊಹೆಯ ಅಗತ್ಯವೇ ಬಹಳವಾಗಿ ಕಡಿಮೆಯಾಗುತ್ತದೆ. ಮಾಚಯ್ಯನ ಎಲ್ಲ ಹೆಸರುಗಳೂ ಒಬ್ಬನವೇ ಎಂದು ಒಂದು ಬಾರಿ ಬರೆದಿಡುವ ಪಂಡಿತನು ಲಕ್ಷಾಂತರ ಬೆರಳೊತ್ತುಗಳ ಲೆಕ್ಕವು ಕೊಡಲಾರದುದನ್ನು ಕೊಡುತ್ತಾನೆ.

ನಮ್ಮ ದೇಶದ ಉದ್ಯಮವು ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. ಬೆಂಗಳೂರಿನ ಶೇರ್‌ಚಾಟ್ ಸಂಸ್ಥೆಯು ಭಾರತೀಯ ಭಾಷೆಗಳ ಬಳಕೆದಾರರನ್ನೇ ನೆಚ್ಚಿ ಬೆಳೆದುದು. ಶಿಫಾರಸು ವಿಜ್ಞಾನಿಗಳ 2023ರ ಅಂತರರಾಷ್ಟ್ರೀಯ ಸ್ಪರ್ಧೆಗೆ ದತ್ತಾಂಶವನ್ನು ಒದಗಿಸಿದ್ದೂ ಅದೇ. ಆದರೆ ಆ ಸ್ಪರ್ಧೆಯಲ್ಲಿ ಲೋಕದ ಮೇಧಾವಿಗಳ ಮುಂದಿಟ್ಟ ಪ್ರಶ್ನೆ ಯಾವುದು? ಜಾಹೀರಾತನ್ನು ಕಂಡ ಬಳಕೆದಾರನು ಅದರಲ್ಲಿಯ ಆ್ಯಪನ್ನು ತನ್ನ ಮೊಬೈಲಿಗೆ ಇಳಿಸಿಕೊಳ್ಳುವನೇ ಎಂಬುದು. ವ್ಯಾಪಾರಕ್ಕೆ ಆ ಪ್ರಶ್ನೆಯು ಸಹಜವಾದುದು, ಅದನ್ನು ನಾನು ದೂಷಿಸುವುದಿಲ್ಲ. ಬಳಕೆದಾರನಿಗೆ ತನ್ನ ಭಾಷೆಯಲ್ಲಿ ಬೇಕಾದುದು ದೊರೆಯಿತೇ ಎಂಬ ಪ್ರಶ್ನೆಗೂ ಅಷ್ಟೇ ಮೇಧಾವಿಗಳು, ಅಷ್ಟೇ ದತ್ತಾಂಶ, ಅಷ್ಟೇ ಬಹುಮಾನ ಒದಗಿಬರಬೇಕೆಂದು ಮನಸ್ಸು ಹಂಬಲಿಸುತ್ತದೆ.

ಬಳಕೆದಾರನು ತನ್ನ ಅಸಮ್ಮತಿಯನ್ನು ಸೂಚಿಸುವ ಗುಂಡಿಗಳಿವೆಯಲ್ಲವೇ ಎಂದು ಕೇಳಬಹುದು. ಮೊಜಿಲ್ಲಾ ಪ್ರತಿಷ್ಠಾನವು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ನೆರವಿನಿಂದ ಯೂಟ್ಯೂಬಿನಲ್ಲಿ ಇದನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ವರದಿಯಂತೆ, ‘ಇಷ್ಟವಿಲ್ಲ’ ಎಂಬ ಗುಂಡಿಯು ಬೇಡದ ಶಿಫಾರಸುಗಳಲ್ಲಿ ಶೇಕಡ 12ನ್ನೂ ‘ಆಸಕ್ತಿಯಿಲ್ಲ’ ಎಂಬುದು ಶೇಕಡ 11ನ್ನೂ ಮಾತ್ರ ತಡೆಯಿತು. ಇಡೀ ಚಾನೆಲ್ಲನ್ನೇ ನಿರಾಕರಿಸಿದರೂ ತಡೆದದ್ದು ಶೇಕಡ 43. ಬಾಯಿಬಿಟ್ಟು ಬೇಡವೆಂದ ಮಾತಿಗೆ ಇಷ್ಟೇ ಬೆಲೆಯಾದರೆ, ಬೇಕೆಂಬ ಮಾತನ್ನು ಹೇಳಲು ಜಾಗವೇ ಇಲ್ಲದಿರುವುದು ಆಶ್ಚರ್ಯವಲ್ಲ. ಯುರೋಪಿನ ಒಕ್ಕೂಟವು 2022ರ ತನ್ನ ಡಿಜಿಟಲ್ ಸೇವೆಗಳ ಕಾನೂನಿನಲ್ಲಿ, ಶಿಫಾರಸಿನ ಮುಖ್ಯ ಮಾನದಂಡಗಳನ್ನು ಸರಳ ಭಾಷೆಯಲ್ಲಿ ತಿಳಿಸಬೇಕೆಂದೂ, ಅತಿ ದೊಡ್ಡ ಜಾಲತಾಣಗಳು ವ್ಯಕ್ತಿಚಿತ್ರಣವನ್ನು ಅವಲಂಬಿಸದ ಒಂದು ಆಯ್ಕೆಯನ್ನಾದರೂ ಕೊಡಬೇಕೆಂದೂ ವಿಧಿಸಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ವರ್ಷದೊಳಗಿನವರ ನಡವಳಿಕೆಯನ್ನು ಬೆನ್ನಟ್ಟಿ ದಾಖಲಿಸುವುದನ್ನು ನಿಷೇಧಿಸುತ್ತದೆ. ಮನೆಯ ಮೊಬೈಲು ಸಂಜೆ ಮಗುವಿನ ಕೈಗೆ ಹೋಗುವ ಊರುಗಳಲ್ಲಿ ಈ ನಿಯಮವನ್ನು ಪಾಲಿಸುವುದು ಹೇಗೆಂಬುದನ್ನು ಕಾನೂನು ಬಲ್ಲವರೂ ಯಂತ್ರ ಬಲ್ಲವರೂ ಒಟ್ಟಿಗೆ ಕುಳಿತು ಚಿಂತಿಸಬೇಕಾಗಿದೆ.

ಕೊನೆಯದಾಗಿ ಒಂದು ಕಾರ್ಯಸಾಧ್ಯವಾದ ಸಲಹೆ. ಯಂತ್ರಗಳ ದಾಖಲೆಯಲ್ಲಿ ಕೊಟ್ಟದ್ದರ ಲೆಕ್ಕವಿದೆ, ಕೊಟ್ಟದ್ದರಲ್ಲಿ ಮುಟ್ಟಿದ್ದರ ಲೆಕ್ಕವಿದೆ. ಕೇಳಿದರೂ ದೊರೆಯದೆ ಹಿಂದಿರುಗಿದವನ ಬೇಡಿಕೆಯು ಅಲ್ಲಿ ಸುಸಂಬದ್ಧವಾಗಿ ದಾಖಲಾಗುವುದು ಅಪರೂಪ, ಬಾಯಿಮಾತಿನಲ್ಲಿ ಕೇಳುವ, ಟೈಪು ಮಾಡಲು ಬಾರದ ಜನರದಂತೂ ಇನ್ನೂ ಅಪರೂಪ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ಮಾಡಿದ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳೆಂಬ ಹೆಸರಿನಿಂದ ನಡೆಯುತ್ತಿವೆ. ಅವುಗಳ ಮೇಲ್ವಿಚಾರಕರು ಊರಿನ ಓದುಗರನ್ನು ಮುಖತಃ ಬಲ್ಲವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ದೇವರ ಹಿಪ್ಪರಗಿ ತಾಲ್ಲೂಕುಗಳ ಈ ಕೇಂದ್ರಗಳಲ್ಲಿ, ಬಂದವರು ಕೇಳಿದ್ದೇನು, ಯಾವ ಮಾತಿನಲ್ಲಿ ಕೇಳಿದರು, ಅದು ಪುಸ್ತಕದಲ್ಲಾಗಲಿ ಅಂತರ್ಜಾಲದಲ್ಲಾಗಲಿ ದೊರೆಯಿತೇ ಇಲ್ಲವೇ, ದೊರೆತದ್ದು ವಾರದ ಮೇಲೆ ಉಪಯೋಗಕ್ಕೆ ಬಂದಿತೇ ಎಂಬುದನ್ನು ಕೇಳಿದವರ ಹೆಸರನ್ನು ಬರೆಯದೆ ಒಂದು ವಹಿಯಲ್ಲಿ ದಾಖಲಿಸುವ ಪದ್ಧತಿಯನ್ನು ಆರಂಭಿಸಬಹುದು. ಬಿತ್ತನೆಯ ಮತ್ತು ಸುಗ್ಗಿಯ ಕಾಲದ ಬೇಡಿಕೆಗಳು ಬೇರೆಯಾದುದರಿಂದ ಒಂದು ಪೂರ್ಣ ವರ್ಷವಾದರೂ ಅದು ನಡೆಯಬೇಕು. ತಿಂಗಳಿಗೊಮ್ಮೆ ಆ ವಹಿಗಳನ್ನು ಒಂದೆಡೆ ಕೂಡಿಸಿ, ಒಂದೇ ವಸ್ತುವಿನ ಹಲವು ಹೆಸರುಗಳನ್ನು ಜೋಡಿಸಿ, ದೊರೆಯದೆ ಉಳಿದ ಬೇಡಿಕೆಗಳ ಪಟ್ಟಿಯನ್ನು ಎಲ್ಲರಿಗೂ ಮುಕ್ತವಾಗಿ ಪ್ರಕಟಿಸುವ ಹೊಣೆಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯವಾಗಲಿ, ಬೆಂಗಳೂರಿನಲ್ಲಿ ರಂಗನಾಥನ್ ಅವರು ಸ್ಥಾಪಿಸಿದ ಕೇಂದ್ರವಾಗಲಿ ವಹಿಸಿಕೊಳ್ಳಬಹುದು. ಆ ಪಟ್ಟಿಯು ಶಿಫಾರಸು ಯಂತ್ರಗಳನ್ನು ಕಟ್ಟುವ ಎಂಜಿನಿಯರುಗಳಿಗೂ, ಕನ್ನಡದಲ್ಲಿ ಬರೆಯುವ, ಹಾಡುವ, ಬೋಧಿಸುವ ಜನರಿಗೂ ಏಕಕಾಲದಲ್ಲಿ ತಲಪಬೇಕು. ಬೇಡಿಕೆಯಿದ್ದು ವಸ್ತುವೇ ಇಲ್ಲದ ಕಡೆ ಮೊದಲು ವಸ್ತುವನ್ನು ಸೃಷ್ಟಿಸಬೇಕಾದವರು ಅವರೇ.